ಮೈಕ್ ಕೊಕ್ಕೆಯ ಒಂದು ವೈರ್

ವಾಹನದಿಂದ ಬಿಚ್ಚಿದ ಹಳೆಯ ವಿಎಚ್‌ಎಫ್ ಮೊಬೈಲ್ ರೇಡಿಯೋ (ಮೈಕ್ ಹಿಡಿದು ಮಾತಾಡುವ ವೈರ್‌ಲೆಸ್ ಸೆಟ್) ಒಂದನ್ನು 13.8 ವೋಲ್ಟ್ ಪವರ್ ಸಪ್ಲೈಗೆ ಹಾಕಿ ಮೇಜಿನ ಮೇಲೆ ಇಟ್ಟುಕೊಂಡೆ. ಮೊದಲ ದಿನವೇ ತಲೆನೋವು. 88.5 ಹರ್ಟ್ಸ್ ಟೋನ್ (ನಮ್ಮ ಗುಂಪಿನ ಕರೆಗಷ್ಟೇ ಸ್ಪೀಕರ್ ತೆರೆಯುವ ಗುರುತಿನ ಸದ್ದು) ಹಾಕಿದ್ದರೂ ಅದೇ ಫ್ರೀಕ್ವೆನ್ಸಿಯಲ್ಲಿರುವ ಬೇರೆ ಗುಂಪಿನವರ ಮಾತೆಲ್ಲಾ ಕೇಳಿಸುತ್ತಿತ್ತು. ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುವ ಸ್ಕ್ಯಾನ್ ಒತ್ತಿದರೆ ಶುರುವೇ ಆಗುತ್ತಿರಲಿಲ್ಲ. ಟೋನ್ ಗುರುತಿಸುವ ಡಿಕೋಡರ್ ಹೋಗಿದೆ ಅಂದುಕೊಂಡು ಎರಡು ಸಂಜೆ ಸುಮ್ನೆ ಹಾಳು ಮಾಡಿದೆ.

ಗುಟ್ಟು ಗೊತ್ತಾಗಿದ್ದು ಆಕಸ್ಮಿಕವಾಗಿ. ಮೈಕ್ ಕೈಜಾರಿ ರೇಡಿಯೋ ಮೇಲೆ ಬಿತ್ತು, ಗಲಾಟೆ ಟಕ್ ಅಂತ ನಿಂತಿತು. ಎತ್ತಿದೆ, ಮತ್ತೆ ಶುರು! ಮೈಕ್ ಬೆನ್ನಿಗಿರುವ ಲೋಹದ ಗುಂಡಿ ರೇಡಿಯೋದ ಬಾಡಿಗೆ ತಾಗಿತ್ತು, ಅಷ್ಟೇ.

ವಾಹನದಲ್ಲಿ ಮೈಕ್ ನೇತುಹಾಕುವ ಕೊಕ್ಕೆ ಚಾಸಿಗೆ (ವಾಹನದ ಲೋಹದ ಮೈಗೆ) ಸೇರಿ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್, ಆಗಿರುತ್ತದೆ. ಗುಂಡಿ ಅದರಲ್ಲಿ ಕೂತಾಗ ಹುಕ್ ಲೈನ್ (ಗುಂಡಿಯಿಂದ ರೇಡಿಯೋಗೆ ಹೋಗುವ ವೈರ್) ಗ್ರೌಂಡ್ ಆಗುತ್ತದೆ, ಆಗ ರೇಡಿಯೋ ಟೋನ್ ಇರುವ ಕರೆಗೆ ಮಾತ್ರ ಬಾಯಿ ಬಿಡುತ್ತದೆ. ಮೈಕ್ ಎತ್ತಿದರೆ ಟೋನ್ ಸ್ಕ್ವೆಲ್ಚ್, ಅಂದರೆ ಟೋನ್ ಇಲ್ಲದ ಮಾತನ್ನು ತಡೆಯುವ ಬಾಗಿಲು, ತೆರೆದುಕೊಳ್ಳುತ್ತದೆ, ಸ್ಕ್ಯಾನ್ ನಿಲ್ಲುತ್ತದೆ. ಮಾತಾಡುವ ಮೊದಲು ಚಾನೆಲ್ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳಲಿ ಅಂತ ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಆದರೆ ನನ್ನ ಮೈಕ್ ಯಾವಾಗಲೂ ಮೇಜಿನ ಮೇಲೆ ಬಿದ್ದಿರುತ್ತದಲ್ವಾ, ರೇಡಿಯೋ ಪಾಲಿಗೆ ನಾನು ದಿನವಿಡೀ ಮೈಕ್ ಎತ್ತಿಕೊಂಡೇ ಕೂತಿದ್ದೆ.

ವಾಹನದಲ್ಲಿ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿಗೆ ಕೊಕ್ಕೆ ಹೊಡೆದವರಿಗೂ ಇದೇ ಕಾಟ. ಅವರು ಮೈಕ್ ಬಿಚ್ಚಬೇಕಿಲ್ಲ, ಕೊಕ್ಕೆಯ ಸ್ಕ್ರೂನಿಂದ ಚಾಸಿಗೆ ಒಂದು ವೈರ್ ಎಳೆದರೆ ಸಾಕು. ಕೆಲವು ರೇಡಿಯೋಗಳಲ್ಲಿ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿನಲ್ಲೇ ಹುಕ್ ಕೆಲಸ ಬದಲಿಸಬಹುದು, ಮೊದಲು ಅದನ್ನು ನೋಡಿ. ನನ್ನದರಲ್ಲಿ ಆ ಭಾಗ್ಯ ಇರಲಿಲ್ಲ.

ಮೊದಲು ಮೈಕ್‌ನ 8 ಪಿನ್ ಕನೆಕ್ಟರ್‌ನಲ್ಲೇ ಹುಕ್ ಪಿನ್ ಹುಡುಕಲು ಹೋಗಿ ಎಡವಿದೆ. ಪಿನ್‌ಗಳನ್ನು ಉಲ್ಟಾ ಕಡೆಯಿಂದ ಎಣಿಸಿ, ಮೈಕ್‌ಗೆ ಸಪ್ಲೈ ಕೊಡುವ ಪಿನ್ನನ್ನೇ ಗ್ರೌಂಡಿಗೆ ಹಿಡಿದಿದ್ದೆ. ನೇರ ವೈರ್ ಬದಲು 1 ಕಿಲೋ ಓಮ್ ರೆಸಿಸ್ಟರ್ ಹಿಡಿದಿದ್ದರಿಂದ ಬಚಾವ್, ಕೆಲವೇ ಮಿಲಿಆಂಪಿಯರ್ ಹರಿದು ಸುಮ್ಮನಾಯಿತು. ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಬೇರೆಯವರ ಚಿತ್ರ ನಂಬಿ ಬೆಸುಗೆ ಹಾಕಬೇಡಿ.

ಆಮೇಲೆ ಮೈಕ್ ಬಿಚ್ಚಿದೆ. ಇಲ್ಲಿ ಗೊಂದಲವೇ ಇಲ್ಲ, ಬೆನ್ನಿನ ಗುಂಡಿಗೆ ಬರುವ ವೈರೇ ಹುಕ್ ಲೈನ್. ಮೀಟರ್ ಹಿಡಿದರೆ 5 ವೋಲ್ಟ್ ಹತ್ತಿರ, ಗುಂಡಿಯನ್ನು ಬಾಡಿಗೆ ತಾಗಿಸಿದರೆ ಸೊನ್ನೆ. ಅದೇ ರೆಸಿಸ್ಟರ್ ಹಿಡಿದೆ, ಗಲಾಟೆ ನಿಂತಿತು, ಸ್ಕ್ಯಾನ್ ಓಡಿತು. ಸೀದಾ ಗ್ರೌಂಡಿಗೆ ಒಂದು ಜಂಪರ್ ವೈರ್ ಹಾಕಿ ಮುಗಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಚಾನೆಲ್ ಖಾಲಿ ಇದೆಯಾ ಅಂತ ಕೇಳಿ ನೋಡುವ ದಾರಿಯೇ ಹೋಗುತ್ತದೆ, ಬೇರೆಯವರ ಮಾತಿನ ಮೇಲೆ ನಾನು ಪಿಟಿಟಿ (ಒತ್ತಿ ಮಾತಾಡುವ ಬಟನ್) ಒತ್ತಿಬಿಡುತ್ತೇನೆ. ಅದಕ್ಕೇ ಹುಕ್ ಲೈನ್ ಮತ್ತು ಗ್ರೌಂಡ್ ನಡುವೆ ಒಂದು ಪುಟ್ಟ ಸ್ಲೈಡ್ ಸ್ವಿಚ್ ಹಾಕಿದೆ. ಮೈಕ್ ಆಡಿಯೋ ಗ್ರೌಂಡ್ ಮುಟ್ಟಲಿಲ್ಲ, ಪಿಟಿಟಿ ಸ್ವಿಚ್ಚಿನ ಗ್ರೌಂಡ್ ಬಳಸಿದೆ.

ಎಲ್ಲಾ ಮುಚ್ಚಿ ಸ್ಕ್ರೂ ಬಿಗಿದು ಆನ್ ಮಾಡಿದರೆ ಟ್ರಾನ್ಸ್‌ಮಿಟ್ ದೀಪ ಆರುತ್ತಲೇ ಇಲ್ಲ! ಹೊಸ ವೈರ್ ಪಿಟಿಟಿ ಲಿವರ್ ಮೇಲೆ ಹಾದು ಅದನ್ನು ಒತ್ತಿ ಹಿಡಿದಿತ್ತು. ಮತ್ತೆ ಬಿಚ್ಚಿ, ವೈರನ್ನು ಗೋಡೆಯ ಪಕ್ಕ ತಿರುಗಿಸಿ, ಬಿಸಿ ಅಂಟು ಹಾಕಿ ಕೂರಿಸಿದೆ.