ಗ್ರಾಮಸಭೇಲಿ ಮಾತಾಡೋದು ಹೇಗೆ? ನಡವಳಿಗೆ ಹೋಗೋ ಹಂಗೆ

ಗ್ರಾಮಸಭೇಲಿ ಮೈಕ್ ಸಿಕ್ಕಿದ್ ತಕ್ಷಣ ಎಲ್ಲರನ್ನೂ ಬೈದು ಚಪ್ಪಾಳೆ ತಗೊಂಡು ಕೂತ್ಕೊಳ್ಳೋರು ಬಹಳ ಜನ ಇದಾರೆ, ಆಮೇಲೆ ಸಭೇಲಿ ಆಗಿದ್ದನ್ನ ಬರ್ಕೊಳ್ಳೋ ನಡವಳಿ ಪುಸ್ತಕ ತೆಗೆದು ನೋಡಿದ್ರೆ ಅವರ ಮಾತು ಒಂದ್ ಸಾಲೂ ಇರಲ್ಲ. ಬರ್ಕೊಳ್ಳೋಕೆ ಆಗೋ ಥರ ಮಾತಾಡಿ, ಇಷ್ಟೇ ನಾನ್ ಹೇಳೋದು.

ಮೊದ್ಲು ಕೋರಂ, ಅಂದ್ರೆ ಸಭೆ ನಡೆಯೋಕೆ ಬೇಕಾದಷ್ಟು ಜನ ಇದಾರಾ ನೋಡ್ಕೊಳಿ. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಇಲ್ಲಾ 100 ಜನ, ಯಾವ್ದು ಕಮ್ಮಿನೋ ಅಷ್ಟಾದ್ರೂ ಇರ್ಬೇಕು. ಅದಕ್ಕೂ ಮುಂಚೆ ನಡೆಯೋ ವಾರ್ಡ್ ಸಭೆ ತಪ್ಪಿಸ್ಬೇಡಿ, ಮನೆ, ಚರಂಡಿ, ಬೀದಿದೀಪ ಎಲ್ಲಾ ಬೇಡಿಕೆ ಅಲ್ಲಿಂದಾನೇ ಮೇಲೆ ಬರೋದು.

ಈಗ ಮಾತು. "ನಮ್ ಬೀದಿಗೆ ನೀರಿಲ್ಲ, ಕೇಳೋರೇ ಗತಿ ಇಲ್ಲ" ಅಂದ್ರೆ "ನೋಡೋಣ ಬಿಡಿ" ಅಂತಾರೆ, ಅಲ್ಲಿಗೆ ಮುಗೀತು. ಅದನ್ನೇ ಪಿಡಿಓಗೆ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ, ಹಿಂಗೆ ಹೇಳಿ: "ಮಾರಮ್ಮನ ಗುಡಿ ಹಿಂದಿನ ಮಿನಿ ಟ್ಯಾಂಕ್ ಮೋಟರ್ ಸುಟ್ಟು ಒಂದ್ ತಿಂಗಳಾಯ್ತು, 22 ಮನೆಯವ್ರು ತೋಟದ ಬೋರ್‌ವೆಲ್ಲಿಂದ ಹೊರ್ತಿದೀವಿ, ಯಾವ ತಾರೀಖಿಗೆ ರಿಪೇರಿ ಮಾಡಿಸ್ತೀರ ಹೇಳಿ ಪಿಡಿಓ ಸಾರ್, ಆ ತಾರೀಖು ನಡವಳೀಲಿ ಬರೀರಿ." ಜಾಗ, ಎಷ್ಟು ಮನೆ, ಏನ್ ಆಗ್ಬೇಕು, ಯಾವಾಗ, ಎಲ್ಲಾ ಎರಡೇ ನಿಮಿಷದಲ್ಲಿ ಬಂತು, ಬರ್ಕೊಳ್ಳೋರಿಗೂ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ. ಇದನ್ನೇ ಹಾಳೇಲಿ ಬರೆದು ಸಹಿ ಹಾಕಿಸ್ಕೊಂಡು ಹೋದ್ರೆ ಇನ್ನೂ ಗಟ್ಟಿ.

ಮಧ್ಯದಲ್ಲಿ ಯಾರೋ ಪಾರ್ಟಿ ವಿಷಯ ಎಳೀತಾರೆ, ಎಳೆದೇ ಎಳೀತಾರೆ. ಜಗಳಕ್ ನಿಲ್ಬೇಡಿ, "ಅಣ್ಣಾ ಅದು ಆಮೇಲೆ ಮಾತಾಡಣ, ಮೊದ್ಲು ಮೋಟರ್ ಮುಗೀಲಿ" ಅನ್ನಿ ಸಾಕು.

ಹೆಣ್ಮಕ್ಕಳು ಒಬ್ಬೊಬ್ರೇ ಹೋಗಿ ಹಿಂದೆ ನಿಂತ್ಕೋಬೇಡಿ, ಮೈಕ್ ಅಲ್ಲಿವರೆಗೂ ಬರೋದೇ ಇಲ್ಲ. ನಾಲ್ಕೈದು ಜನ ಮುಂದಿನ ಸಾಲಲ್ಲೇ ಕೂತ್ಕೊಳಿ, ಒಬ್ರು ಹೇಳಿದ್ಮೇಲೆ ಉಳಿದವ್ರು "ಹೌದು, ನಮ್ಮನೇಲೂ ಹಂಗೇ" ಅಂತ ಬಾಯ್ಬಿಟ್ಟು ಹೇಳಿ. ನೀರು ಹೊರೋ ಕಷ್ಟ ಹೊರೋರ ಬಾಯಲ್ಲೇ ಬರ್ಬೇಕು, ಅದನ್ನ ಗಂಡಸ್ರು ನಾಲ್ಕು ಮಾತಲ್ಲಿ ಮುಗಿಸೋದು ನಂಗೆ ಒಪ್ಪಿಗೆ ಇಲ್ಲ.

ಸಭೆ ಮುಗಿಯೋ ಮುಂಚೆ ಠರಾವು, ಅಂದ್ರೆ ಸಭೆ ತಗೊಂಡ ತೀರ್ಮಾನ, ಗಟ್ಟಿಯಾಗಿ ಓದಿಸಿ, ಖಾಲಿ ಪುಸ್ತಕಕ್ಕೆ ಸೈನ್ ಮಾತ್ರ ಹಾಕ್ಬೇಡಿ. ಆಮೇಲೆ ನಡವಳಿ ನಕಲು ಕೇಳಿ, ಕೊಡ್ಲಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ, ಅಂದ್ರೆ ಆರ್‌ಟಿಐ ಹಾಕಿ, 30 ದಿನದೊಳಗೆ ಉತ್ತರ ಕೊಡ್ಲೇಬೇಕು.