ಕರೆಂಟ್ ಬಿಟ್ಟು ಮಾತು ಹಿಡಿದೆ: ಹಳೇ ಸೊಂಟನೋವಿನಲ್ಲಿ ನನ್ನ ಅನುಭವ

ಸಾಗರದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ 13 ವರ್ಷ. ಹಳೇ ಸೊಂಟನೋವಿನವರಿಗೆ ಮೊದಲು ನೋವನ್ನು ಅರ್ಥಮಾಡಿಸುತ್ತೇನೆ, ನೋವಿಗೆ ಕರೆಂಟ್ ಕೊಡುವ ಮಷೀನು ಆಮೇಲೆ ಅಂದಾಗ ಜೊತೆಯವರು, "ಮಾತಿಗೆ ಯಾರು ದುಡ್ಡು ಕೊಡ್ತಾರೆ ಮಾರಾಯ್ರೇ?" ಅಂದಿದ್ದರು. ಈಗ ಅವರೇ ಪೇಷಂಟ್‌ಗಳನ್ನು ಕಳಿಸುತ್ತಿದ್ದಾರೆ.

ಮೊದಲು ಸೋತದ್ದು ಹೇಳುತ್ತೇನೆ. ಬಣ್ಣದ ಕರಪತ್ರ, ಸಾವಿರ ಪ್ರತಿ, ಏಳು ಸಾವಿರದ ಹತ್ತಿರ ಖರ್ಚು. ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ ಅಂತ ಹಾಕಿಸಿದ್ದೆ. ಅಡಿಕೆ ಸುಲಿಯುವ ಹೆಂಗಸರು ಓದಿ ಹೆದರಿದರು. ಸುಗ್ಗಿಯಲ್ಲಿ ದಿನವಿಡೀ ಮೆಟ್ಟುಗತ್ತಿ ಮುಂದೆ ಕೂರಲೇಬೇಕು, ಕೂಲಿ ಸುಲಿದ ಅಡಿಕೆಯ ಡಬ್ಬದ ಲೆಕ್ಕ. ಕೂರಬೇಡಿ ಅಂದ್ರೆ ಉಣ್ಣಬೇಡಿ ಅಂದ ಹಾಗೇ ಅಲ್ವಾ? ಆಮೇಲೆ ನಾಲ್ಕು ಸಾವಿರ ಕೊಟ್ಟು ಬೆನ್ನೆಲುಬಿನ ಮಾಡೆಲ್ ತಂದೆ. ಹೊರಗೆ ಚಾಚಿದ ಕೆಂಪು ಡಿಸ್ಕ್ (ಬೆನ್ನುಮಣಿಗಳ ನಡುವಿನ ಮೆತ್ತೆ) ನೋಡಿದ ಒಬ್ಬ ಬಸ್ ಡ್ರೈವರ್ ಶೂ ಲೇಸ್ ಕಟ್ಟಲೂ ಬಗ್ಗದಂತಾದರು. ಅದನ್ನು ಬೀರುವಿಗೆ ಸೇರಿಸಿದೆ.

ಕೈಹಿಡಿದದ್ದು ಗದ್ದೆ ಬೇಲಿಯ ಕತೆ. ಹಂದಿ ಬಂದರೆ ಗೊತ್ತಾಗಲಿ ಅಂತ ತಂತಿಗೆ ಖಾಲಿ ಡಬ್ಬಿ ಕಟ್ಟುತ್ತೇವಲ್ಲ, ತಂತಿ ಬಿಗಿಯಾದರೆ ಗಾಳಿಗೂ ಸದ್ದಾಗುತ್ತದೆ. ಸದ್ದು ಸುಳ್ಳಲ್ಲ, ಆದರೆ ಗದ್ದೆಯಲ್ಲಿ ಹಂದಿ ಇಲ್ಲ. ಹಳೇ ನೋವೂ ಹಾಗೇ, ನೋವು ನಿಜ, ಆದರೆ ಒಳಗೆ ಹೊಸ ಪೆಟ್ಟು ಇರಲೇಬೇಕೆಂದಿಲ್ಲ. 50ರ ಆಸುಪಾಸಿನ ಒಬ್ಬಾಕೆ ಎಂಆರ್‌ಐ ಕವರ್ ಎದೆಗೊತ್ತಿಕೊಂಡು ಬಂದಿದ್ದರು. ಎರಡು ವರ್ಷದಿಂದ ಸೊಂಟದ ಬೆಲ್ಟ್ ಬಿಚ್ಚಿರಲಿಲ್ಲ. ನೋವೇ ಇಲ್ಲದ 50ರ ವಯಸ್ಸಿನವರಲ್ಲೂ ನೂರಕ್ಕೆ 60 ಜನರಿಗೆ ಡಿಸ್ಕ್ ಉಬ್ಬಿರುತ್ತದೆ ಅಂತ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದ 2015ರ ವಿಮರ್ಶೆಯ ಲೆಕ್ಕ ಹೇಳಿ, ಬೇಲಿ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹಾಗಾದ್ರೆ ನನ್ನ ಡಬ್ಬಿ ಗಾಳಿಗೇ ಬಡ್ಕೊಳ್ತಾ ಇದೆಯಾ ಡಾಕ್ಟ್ರೇ?" ಅಂದರು. ಹೊರಡುವಾಗ ನೆಲದ ಮೇಲಿದ್ದ ಚೀಲವನ್ನು ತಾವೇ ಬಗ್ಗಿ ಎತ್ತಿಕೊಂಡರು.

ಈಗ ಮೊದಲ ಎರಡು ಭೇಟಿಯಲ್ಲಿ ಕರೆಂಟ್ ಇಲ್ಲ. ಅರ್ಧ ಗಂಟೆ ಮಾತು, ಆಮೇಲೆ ಅವರೇ ನನಗೆ ತಿರುಗಿ ಹೇಳಬೇಕು. ಮನೆಯವರೊಬ್ಬರು ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಮನೆಯಲ್ಲಿ ಮತ್ತೆ ಮಲಗಿಸಿಬಿಡುತ್ತಾರೆ. ಅಡಿಕೆ ಸುಲಿಯುವವರು ಅರ್ಧ ಡಬ್ಬಕ್ಕೊಮ್ಮೆ ಎದ್ದು ಅಂಗಳಕ್ಕೊಂದು ಸುತ್ತು. ಮೂತ್ರ ಕಟ್ಟಿದವರು, ಕೂರುವ ಜಾಗ ಮರಗಟ್ಟಿದವರು ಬಂದರೆ ಮಾತೇ ಇಲ್ಲ, ಕೂಡಲೇ ಆಸ್ಪತ್ರೆಗೆ. ಎಂಆರ್‌ಐ ಬಿಚ್ಚುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹತ್ತು ವರ್ಷದ ಸಂಪಾದನೆ ಅದು.

ದುಡ್ಡಿನ ವಿಷಯ. ಮಾತನ್ನು ಪುಕ್ಕಟೆ ಕೊಟ್ಟಾಗ ಎರಡನೇ ಸಲ ಯಾರೂ ಬರಲಿಲ್ಲ. ಆರು ಭೇಟಿಗೆ ಒಟ್ಟು 1,500 ಅಂತ ಮಾಡಿದೆ, ನಿಂತರು. ಆದರೂ ಮೊದಲ ನಾಲ್ಕು ತಿಂಗಳು ಆದಾಯ ಮೂರರಲ್ಲೊಂದು ಪಾಲು ಬಿತ್ತು. ಕಳೆದ ವರ್ಷ ಅರವತ್ತು ಜನ ಇರಬಹುದು, ನಲವತ್ತರಷ್ಟು ಮಂದಿಯ ಆಸ್ವೆಸ್ಟ್ರಿ ಅಂಕ (ಸೊಂಟನೋವಿನಿಂದ ದಿನದ ಕೆಲಸ ಎಷ್ಟು ಕಷ್ಟ ಅಂತ ನೂರಕ್ಕೆ ಅಳೆಯುವ ಪ್ರಶ್ನಾವಳಿ, ಕಮ್ಮಿಯಾದಷ್ಟೂ ಒಳ್ಳೇದು) ಹತ್ತಕ್ಕಿಂತ ಜಾಸ್ತಿ ಇಳಿಯಿತು. ನೋವು ಪೂರ್ತಿ ಹೋಯ್ತು ಅಂದವರು ಕಮ್ಮಿ, ಕೆಲಸಕ್ಕೆ ಮರಳಿದವರು ಜಾಸ್ತಿ.

ಇನ್ನೊಂದು ಪ್ರಯೋಗ ನಡೆದಿದೆ. ಬೇಲಿ ಕತೆಯನ್ನು ಆ ಚೀಲದ ಅಮ್ಮನ ದನಿಯಲ್ಲೇ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ನನ್ನ ದನಿಯಲ್ಲಿ ಕಳಿಸಿದ್ದನ್ನು ಕೇಳಿದವರು ನಾಲ್ಕೈದು ಜನ. ಅವರದ್ದನ್ನು ಅಡಿಕೆ ಚಪ್ಪರದಲ್ಲಿ ಜೋರಾಗಿ ಹಾಕಿಕೊಂಡು ಸುಲಿಯುತ್ತಾರಂತೆ.