ಚೀಟಿಯ ನಡುವಿನ ನಂಬರ್ ಮಾತ್ರ ಹೆಚ್ಚಿಸುವುದು ಹೇಗೆ

ಶಿರಸಿಯಲ್ಲಿ ನಮ್ಮ ಅಡಿಕೆ ಚೀಲಗಳ ಚೀಟಿಗಳನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಯಾರಿಸುತ್ತೇವೆ. ಚೀಟಿಯಲ್ಲಿ ಅಡಿಕೆಯ ಬಗೆ, ಲಾಟ್ ನಂಬರ್, ತೂಕ ಇರುತ್ತವೆ. ‘ರಾಶಿ-0099-65ಕೆಜಿ’ ಇದ್ದದ್ದು ಮುಂದಿನ ಲಾಟ್‌ಗೆ ‘ರಾಶಿ-0100-65ಕೆಜಿ’ ಆಗಬೇಕು. ಆಗುತ್ತಿದ್ದದ್ದು ‘ರಾಶಿ-100-66ಕೆಜಿ’. ಎಡಗಡೆಯ ಸೊನ್ನೆ ಮಾಯ, ತೂಕವೂ ಜಾಸ್ತಿ.

ರಿಪ್ಲೇಸ್ ಬಳಸಿದರೆ ಅದೇ ಅಂಕಿ ಬೇರೆ ಕಡೆ ಇದ್ದರೆ ಅದೂ ಬದಲಾಗುತ್ತದೆ. ಇಷ್ಟನೇ ಅಕ್ಷರದಿಂದ ಅಂತ ಕತ್ತರಿಸಿದರೆ ‘ಕೆಂಪುಗೋಟು’ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ. ಹೆಸರು ಉದ್ದ ಅಲ್ವಾ.

ಕೆಲಸ ಆದದ್ದು ಮಾದರಿ ಕೊಟ್ಟು ಪಠ್ಯ ಹುಡುಕುವ ರೀ ಮಾಡ್ಯೂಲಿನ ಸಬ್‌ನಿಂದ; ಅದು ಸಿಕ್ಕಿದ್ದನ್ನು ಬದಲಿಸುತ್ತದೆ. ಹುಡುಕುವ ಮಾದರಿಗೆ ಬ್ಯಾಕ್‌ಸ್ಲ್ಯಾಶ್, ಸಣ್ಣ ಡಿ, ಪ್ಲಸ್ ಕೊಡಿ; ಅಂದರೆ ಒಂದೋ ಹೆಚ್ಚೋ ಅಂಕಿಗಳ ಸಾಲು. ಬದಲಿ ಜಾಗದಲ್ಲಿ ಸುಮ್ನೆ ಪಠ್ಯ ಬೇಡ, ಫಂಕ್ಷನ್ ಕೊಡಿ. ಅದರೊಳಗೆ ಗ್ರೂಪ್‌ನಿಂದ ಸಿಕ್ಕ ಅಂಕಿಗಳನ್ನು ತೆಗೆದುಕೊಂಡು, ಲೆನ್‌ನಿಂದ ಉದ್ದವನ್ನು ಮೊದಲೇ ಹಿಡಿದಿಡಿ. ಆಮೇಲೆ ಇಂಟ್ ಮಾಡಿ (ಸಂಖ್ಯೆಯಾಗಿಸಿ) ಒಂದು ಕೂಡಿಸಿ, ಎಸ್‌ಟಿಆರ್ ಮಾಡಿ (ಮತ್ತೆ ಪಠ್ಯವಾಗಿಸಿ), ಅದೇ ಉದ್ದಕ್ಕೆ ಝಡ್‌ಫಿಲ್ ಮಾಡಿ (ಎಡಕ್ಕೆ ಸೊನ್ನೆ ತುಂಬಿ). ಇಂಟ್ ಆದಮೇಲೆ ಅಳೆದರೆ ಸೊನ್ನೆ ಹೋಗಿಯೇ ಬಿಟ್ಟಿರುತ್ತದೆ. ಸಬ್‌ಗೆ ‘ಕೌಂಟ್=1’ ಕೊಡಿ; ಮೊದಲು ಸಿಕ್ಕ ನಂಬರ್ ಮಾತ್ರ ಬದಲಾಗಿ ತೂಕ ಹಾಗೇ ಉಳಿಯುತ್ತದೆ.

ಕೆಲವು ಚೀಟಿಗಳಲ್ಲಿ ‘೦೦೯೯’ ಅಂತ ಕನ್ನಡ ಅಂಕಿ ಇರುತ್ತದೆ. ಚೌಕ ಬ್ರಾಕೆಟ್‌ನಲ್ಲಿ 0-9 ಬರೆದರೆ ಅದು ಸಿಗುವುದಿಲ್ಲ, ನೇರ ತೂಕಕ್ಕೇ ಕೈ ಹಾಕುತ್ತದೆ. ಪೈಥಾನ್ 3ರಲ್ಲಿ ಮೇಲೆ ಹೇಳಿದ ಬ್ಯಾಕ್‌ಸ್ಲ್ಯಾಶ್ ಡಿ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ, ಇಂಟ್ ಕೂಡ ಸರಿಯಾಗಿ ಓದುತ್ತದೆ. ಉತ್ತರ ಮಾತ್ರ ‘0100’ ಎಂದೇ ಬರುತ್ತದೆ.